ಇಸಿಯು ಹೋಗಿದೆ ಅಂದರು, ಹೋಗಿದ್ದು ಒಂದು ವೈರು: ಹಳೆ ಡೀಸೆಲ್ ಜೀಪಿನ ಫಾಲ್ಟ್ ಕೋಡ್ ಓದುವುದು ಹೇಗೆ?

ಕಳೆದ ವರ್ಷ ಜುಲೈ. ಮೂಡಿಗೆರೆ ಕಡೆ ಮಳೆ ಹಿಡಿದು ವಾರವಾಗಿತ್ತು. ರಾತ್ರಿ ಹತ್ತೂವರೆಗೆ ಚಿಕ್ಕಪ್ಪನ ಫೋನ್ ಬಂತು. "ಜೀಪು ಏರಲ್ಲಿ ನಿಂತೋಯ್ತು ಮಾರಾಯ. ಲೈನ್ ಮನೆ ಹುಡುಗನಿಗೆ ಜ್ವರ ಏರಿತ್ತು, ಆಸ್ಪತ್ರೆಗೆ ಅಂತ ಹೊರಟಿದ್ವಿ. ಪಕ್ಕದ ತೋಟದವರ ಪಿಕಪ್ ಕರೆಸಿ ಕಳಿಸಿದೀನಿ."

ಹುಡುಗ ಹುಷಾರಾದ. ಜೀಪು ಆಗಲಿಲ್ಲ. ಚಿಕ್ಕಪ್ಪನ ಮನೆಗೆ ಟಾರ್ ರಸ್ತೆಯಿಂದ ಮೂರು ಕಿಲೋಮೀಟರ್ ಮಣ್ಣಿನ ಏರು. ಮಳೆಗಾಲದಲ್ಲಿ ಆಂಬುಲೆನ್ಸ್ ಟಾರ್ ರಸ್ತೆಯವರೆಗೆ ಬರುತ್ತದೆ, ಅಲ್ಲಿಂದ ಮೇಲಕ್ಕೆ ಆ ಜೀಪೇ ಆಂಬುಲೆನ್ಸ್. ಅದು 2011ರ ಡೀಸೆಲ್ ಗಾಡಿ, ಫೋರ್ ವೀಲ್ ಡ್ರೈವ್. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ, ನಮ್ಮ ಕಡೆ ಕೆಸರಲ್ಲಿ ಹತ್ತುವುದೆಲ್ಲ ಜೀಪೇ.

ಎರಡು ದಿನ ಬಿಟ್ಟು ಟೋ ಮಾಡಿಸಿ ಪೇಟೆಯ ಒಂದು ಸರ್ವೀಸ್ ಸೆಂಟರಿಗೆ ಸಾಗಿಸಿದರು. ಅಲ್ಲಿ ಲ್ಯಾಪ್‌ಟಾಪ್ ಚುಚ್ಚಿ, ಒಂದು ಪ್ರಿಂಟ್ ತೆಗೆದು ಕೈಗೆ ಕೊಟ್ಟರು. ನಾಲ್ಕು ಫಾಲ್ಟ್ ಕೋಡ್‌ಗಳು. ಕೆಳಗೆ ಎಸ್ಟಿಮೇಟ್: ಇಸಿಯು, ಸೆನ್ಸರ್ ಸಮೇತ ಫ್ಯೂಯಲ್ ರೈಲ್, ಎಂಜಿನ್ ವೈರಿಂಗ್ ಸೆಟ್, ಲೇಬರ್. ಒಟ್ಟು 1,38,000 ರೂಪಾಯಿ. ಚಿಕ್ಕಪ್ಪ ಅದರ ಫೋಟೋ ನನಗೆ ವಾಟ್ಸಾಪ್ ಮಾಡಿ, "ನೀನು ಓದಿದವನಲ್ವಾ, ಏನ್ ಮಾಡ್ಲಿ?" ಅಂತ ಕೇಳಿದರು.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಅವತ್ತು ಹೇಳಿದ ಉತ್ತರ ಈಗಲೂ ನಾಚಿಕೆ ಹುಟ್ಟಿಸುತ್ತದೆ. "ಕಂಪ್ಯೂಟರೇ ಹೇಳ್ತಿದೆ ಅಂದ್ಮೇಲೆ ಸರಿ ಇರುತ್ತೆ ಚಿಕ್ಕಪ್ಪ. ಇಲ್ಲಾಂದ್ರೆ ಮಾರಿಬಿಡಿ, ಹಳೆ ಗಾಡಿ."

ಕೊನೆಗೆ ಆ ಜೀಪು ರಿಪೇರಿಯಾಗಿದ್ದು ಊರಿನ ಗ್ಯಾರೇಜಿನಲ್ಲಿ, 850 ರೂಪಾಯಿಗೆ. ಈ ಲೇಖನ ನಡುವೆ ಇರುವ 1,37,150 ರೂಪಾಯಿಯ ಬಗ್ಗೆ. ಆ ದುಡ್ಡು ಎಲ್ಲಿಂದ ಹುಟ್ಟಿತು, ಯಾರಿಗೆ ಏನು ಗೊತ್ತಿಲ್ಲದ ಕಾರಣಕ್ಕೆ ಹುಟ್ಟಿತು ಎಂಬುದರ ಬಗ್ಗೆ.

ಅಜ್ಜನ ಜೀಪು, ಚಿಕ್ಕಪ್ಪನ ಜೀಪು

ಅಜ್ಜನ ಹತ್ತಿರ ಇದ್ದದ್ದು ಪ್ಯೂಜೊ ಡೀಸೆಲ್ ಎಂಜಿನ್ನಿನ ಜೀಪು. ಆ ಕಾಲದ ಡೀಸೆಲ್ ಎಂಜಿನ್ನಿಗೆ ಓಡುತ್ತಿರಲು ಕರೆಂಟಿನ ಅಗತ್ಯ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪಂಪು ಎಂಜಿನ್ನಿನಿಂದಲೇ ತಿರುಗುತ್ತದೆ, ಎಷ್ಟು ಡೀಸೆಲ್ ಯಾವಾಗ ಹೋಗಬೇಕು ಅನ್ನುವುದನ್ನು ಅದರೊಳಗಿನ ಕ್ಯಾಮ್, ಸ್ಪ್ರಿಂಗ್‌ಗಳೇ ತೀರ್ಮಾನಿಸುತ್ತವೆ. ಬ್ಯಾಟರಿ ಸತ್ತರೆ ಇಳಿಜಾರಲ್ಲಿ ತಳ್ಳಿದರೆ ಸಾಕು. ಏನಾದರೂ ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು, ಮೂಗಿಗೆ ಬಡಿಯುತ್ತಿತ್ತು.

ಚಿಕ್ಕಪ್ಪನದು ಕಾಮನ್ ರೈಲ್ ಎಂಜಿನ್. ಇಲ್ಲಿ ಪಂಪಿನ ಕೆಲಸ ಪ್ರೆಷರ್ ಕಟ್ಟುವುದಷ್ಟೇ. ಡೀಸೆಲ್ಲು ಒಂದು ದಪ್ಪ ಕೊಳವೆಯಲ್ಲಿ, ಅಂದರೆ ರೈಲಿನಲ್ಲಿ, ಭಾರೀ ಒತ್ತಡದಲ್ಲಿ ಕಾದು ನಿಂತಿರುತ್ತದೆ. ಐಡ್ಲಿಂಗ್‌ನಲ್ಲಿ ಸುಮಾರು 250-300 ಬಾರ್, ಏರಿನಲ್ಲಿ ಒತ್ತಿದರೆ ಸಾವಿರ ಬಾರ್ ದಾಟುತ್ತದೆ. ನಿಮ್ಮ ಬೈಕಿನ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್, ಹೋಲಿಸಿ ನೋಡಿ. ಯಾವ ಇಂಜೆಕ್ಟರ್ ಯಾವ ಕ್ಷಣದಲ್ಲಿ ಎಷ್ಟು ಹೊತ್ತು ಬಾಯಿ ತೆರೆಯಬೇಕು ಅಂತ ಹೇಳುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಅದಕ್ಕೆ ಕಣ್ಣು, ಕಿವಿ ಇಲ್ಲ. ರೈಲ್ ಪ್ರೆಷರ್, ಕೂಲೆಂಟ್ ಶಾಖ, ಒಳಗೆ ಹೋಗುವ ಗಾಳಿಯ ಶಾಖ, ಕ್ರ್ಯಾಂಕ್ ಶಾಫ್ಟಿನ ಸ್ಥಾನ, ಎಲ್ಲವನ್ನೂ ಸೆನ್ಸರ್‌ಗಳು ವೋಲ್ಟೇಜ್ ರೂಪದಲ್ಲಿ ಅದಕ್ಕೆ ಕಳಿಸಬೇಕು.

ಇದರಿಂದ ಮೈಲೇಜ್ ಹೆಚ್ಚಾಗಿದೆ, ಹೊಗೆ ಕಡಿಮೆಯಾಗಿದೆ, ಸದ್ದೂ ಕಡಿಮೆ. ಆದರೆ ಎಂಜಿನ್ನಿಗೂ ಮನುಷ್ಯನಿಗೂ ನಡುವೆ ಒಬ್ಬ ದುಭಾಷಿ ಬಂದು ಕೂತ. ಅವನ ಭಾಷೆಯೇ ಫಾಲ್ಟ್ ಕೋಡ್.

ಕೋಡ್ ಅಂದರೆ ಏನು, ಏನಲ್ಲ

ಈ ಕೋಡ್‌ಗಳು ಕಂಪನಿಗಳು ಮೆಕ್ಯಾನಿಕ್‌ಗಳ ಮೇಲಿನ ಪ್ರೀತಿಯಿಂದ ಕೊಟ್ಟದ್ದಲ್ಲ. ಲಾಸ್ ಏಂಜಲೀಸ್‌ನ ಹೊಗೆಯಿಂದ ತತ್ತರಿಸಿದ್ದ ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿನ ಸರ್ಕಾರಿ ವಾಯುಮಂಡಳಿ, ಹೊಗೆ ನಿಯಂತ್ರಣದ ಭಾಗ ಕೆಟ್ಟರೆ ಗಾಡಿಯೇ ಡ್ರೈವರ್‌ಗೆ ಹೇಳಬೇಕು ಅಂತ ನಿಯಮ ಮಾಡಿತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಓಬಿಡಿ-2 ಎಂಬ ಒಂದೇ ಪದ್ಧತಿ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್, ಎಲ್ಲ ಕಂಪನಿಗೂ ಒಂದೇ ಅರ್ಥ ಕೊಡುವ ಕೋಡ್‌ಗಳು. ನೆನಪಿಡಿ: ಕೋಡ್‌ಗಳಲ್ಲಿ ಜನರಿಗೆ ಓದಲು ಸಿಕ್ಕ ಭಾಗ ಕಾನೂನಿನ ಒತ್ತಾಯದಿಂದ ಸಿಕ್ಕಿದ್ದು.

ಕೋಡ್ ಓದುವುದು ಸುಲಭ. ಮೊದಲ ಅಕ್ಷರ 'ಪಿ' ಇದ್ದರೆ ಎಂಜಿನ್-ಗೇರ್‌ಬಾಕ್ಸ್, 'ಬಿ' ಬಾಡಿ, 'ಸಿ' ಬ್ರೇಕ್-ಸಸ್ಪೆನ್ಶನ್ ಕಡೆಯದು, 'ಯು' ಅಂದರೆ ಗಾಡಿಯೊಳಗಿನ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಜಾಲ. ಮುಂದಿನ ಅಂಕಿ ಸೊನ್ನೆಯಾದರೆ ಎಲ್ಲರಿಗೂ ಸಾಮಾನ್ಯ ಕೋಡ್, ಒಂದಾದರೆ ಆ ಕಂಪನಿಯ ಸ್ವಂತದ್ದು. ಅದರ ನಂತರದ ಅಂಕಿ ಯಾವ ವಿಭಾಗ ಅಂತ ಹೇಳುತ್ತದೆ. 1, 2 ಅಂದರೆ ಇಂಧನ-ಗಾಳಿ, 4 ಅಂದರೆ ಹೊಗೆ ನಿಯಂತ್ರಣ, 6 ಅಂದರೆ ಕಂಪ್ಯೂಟರ್ ಕಡೆಯದು. ಕೊನೆಯ ಎರಡು ಅಂಕಿ ನಿರ್ದಿಷ್ಟ ದೂರು.

'ದೂರು' ಅನ್ನುವ ಪದ ಬೇಕೆಂದೇ ಬಳಸಿದ್ದೇನೆ. ಕೋಡ್ ಎಫ್‌ಐಆರ್ ಇದ್ದಂತೆ, ತೀರ್ಪಲ್ಲ. "ಈ ವೈರಿನಲ್ಲಿ ಬರಬೇಕಾದ ವೋಲ್ಟೇಜ್ ಬರುತ್ತಿಲ್ಲ" ಅಂತ ಮಾತ್ರ ಇಸಿಯುಗೆ ಗೊತ್ತು. ಯಾಕೆ ಬರುತ್ತಿಲ್ಲ, ಸೆನ್ಸರ್ ಸತ್ತಿದೆಯಾ, ವೈರು ತುಂಡಾಗಿದೆಯಾ, ಇಲಿ ಕಡಿದಿದೆಯಾ ಅಂತ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ತನಿಖೆ ಮಾಡಬೇಕಾದವರು ಮನುಷ್ಯರು.

ಚಿಕ್ಕಪ್ಪನ ಪ್ರಿಂಟ್‌ನಲ್ಲಿ ಇದ್ದ ನಾಲ್ಕು ದೂರುಗಳು ಇವು.

ಪಿ0562: ಸಿಸ್ಟಂ ವೋಲ್ಟೇಜ್ ಕಡಿಮೆ.
ಪಿ0113: ಗಾಳಿಯ ಶಾಖ ಅಳೆಯುವ ಸೆನ್ಸರ್, ಸರ್ಕ್ಯೂಟ್ ವೋಲ್ಟೇಜ್ ಹೆಚ್ಚು.
ಪಿ0118: ಕೂಲೆಂಟ್ ಶಾಖದ ಸೆನ್ಸರ್, ಸರ್ಕ್ಯೂಟ್ ವೋಲ್ಟೇಜ್ ಹೆಚ್ಚು.
ಪಿ0193: ರೈಲ್ ಪ್ರೆಷರ್ ಸೆನ್ಸರ್, ಸರ್ಕ್ಯೂಟ್ ವೋಲ್ಟೇಜ್ ಹೆಚ್ಚು.

ಸ್ವಲ್ಪ ಹೊತ್ತು ಈ ಪಟ್ಟಿಯನ್ನೇ ನೋಡಿ. ಊರಿನ ಮೆಕ್ಯಾನಿಕ್ ಒಂದು ನಿಮಿಷದಲ್ಲಿ ಕಂಡದ್ದು ಇದರಲ್ಲೇ ಇದೆ. ನನಗೆ ಕಾಣಲಿಲ್ಲ.

ಕೋಡ್‌ಗಿಂತ ಮೊದಲು ಬ್ಯಾಟರಿ

ಆಗಸ್ಟ್ ಮೊದಲ ವಾರ ರಜೆ ಹಾಕಿ ಊರಿಗೆ ಹೋದೆ. ಹೋಗುವಾಗ ಆನ್‌ಲೈನಲ್ಲಿ 600 ರೂಪಾಯಿಯ ಬ್ಲೂಟೂತ್ ಓಬಿಡಿ ಡಾಂಗಲ್ ಒಂದನ್ನು ತರಿಸಿಕೊಂಡಿದ್ದೆ, ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತದ ಹಾಗೆ. ಸಾಕೆಟ್‌ಗೆ ಚುಚ್ಚಿದೆ. ಫೋನಿನ ಆ್ಯಪ್ ಸುತ್ತಿ ಸುತ್ತಿ, "ಸಂಪರ್ಕ ಸಾಧ್ಯವಾಗುತ್ತಿಲ್ಲ" ಅಂತು.

ಕಾರಣ ಗಾಡಿಯ ವಯಸ್ಸು. ಭಾರತದಲ್ಲಿ 2010ರ ಏಪ್ರಿಲ್‌ನಲ್ಲಿ ಬಿಎಸ್-4 ಬಂದಿದ್ದು ಬೆಂಗಳೂರೂ ಸೇರಿ 13 ನಗರಗಳಿಗೆ ಮಾತ್ರ. ಉಳಿದ ಕಡೆ ಬಿಎಸ್-3 ಗಾಡಿಗಳೇ ಮಾರಾಟವಾಗುತ್ತಿದ್ದವು. ಬಿಎಸ್-4 ದೇಶಕ್ಕೆಲ್ಲ ಬಂದಿದ್ದು 2017ರಲ್ಲಿ. ಓಬಿಡಿ-2 ನಮ್ಮಲ್ಲಿ ಶುರುವಾಗಿದ್ದೇ 2013ರಿಂದ, ಅದೂ ಬಿಎಸ್-4 ಗಾಡಿಗಳಿಗೆ. ಹಾಗಾಗಿ 2011ರ ಈ ಜೀಪಿನಲ್ಲಿ ಸಾಕೆಟ್ಟಿನ ಆಕಾರ ಓಬಿಡಿಯದ್ದು, ಒಳಗಿನ ಭಾಷೆ ಕಂಪನಿಯದ್ದು. ಕಾನೂನು ಬಾಗಿಲು ತೆರೆಸಿರದ ಜಾಗದಲ್ಲಿ 600 ರೂಪಾಯಿಯ ಡಾಂಗಲ್ ಕೆಲಸ ಮಾಡಲ್ಲ.

ಗ್ಯಾರೇಜಿನ ಅಣ್ಣ ನಕ್ಕರು. ಅವರ ಹತ್ತಿರ ಹಲವು ಕಂಪನಿಯ ಗಾಡಿ ಓದುವ ಸ್ಕ್ಯಾನರ್ ಇತ್ತು, ಸಾಲ ಮಾಡಿ ತೆಗೆದುಕೊಂಡದ್ದು, ವರ್ಷ ವರ್ಷ ಅಪ್‌ಡೇಟ್‌ಗೆ ದುಡ್ಡು ಕಟ್ಟಬೇಕು. ಆದರೆ ಅವರು ಮೊದಲು ಕೈಗೆತ್ತಿಕೊಂಡಿದ್ದು ಸ್ಕ್ಯಾನರ್ ಅಲ್ಲ, ಹಳದಿ ಬಣ್ಣದ ಮಲ್ಟಿಮೀಟರ್.

"ಮೊದ್ಲು ಬ್ಯಾಟ್ರಿ ನೋಡ್ಬೇಕು ಸಾರ್. ವೋಲ್ಟೇಜ್ ಇಲ್ದೆ ಇದ್ರೆ ಕಂಪ್ಯೂಟ್ರು ಕುಡಿದವ್ರ ಥರ ಏನೇನೋ ಮಾತಾಡುತ್ತೆ."

ಎಂಜಿನ್ ಆಫ್ ಇದ್ದಾಗ ಚಾರ್ಜ್ ಆಗಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ ಇಳಿಯುತ್ತದೆ, ಆದರೆ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 13.8ರಿಂದ 14.5ರ ನಡುವೆ ಇಡಬೇಕು. ಇದರ ಜೊತೆಗೆ ಇನ್ನೊಂದು ಪರೀಕ್ಷೆಯನ್ನು ಹಳೇ ಗಾಡಿ ಇಟ್ಟುಕೊಂಡವರೆಲ್ಲ ಕಲಿಯಬೇಕು. ಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಸ್ಟಾರ್ಟ್ ಹೊಡೆಯುವುದು. ಅರ್ಥ್ ಪಟ್ಟಿ ಸರಿ ಇದ್ದರೆ ಅರ್ಧ ವೋಲ್ಟಿಗಿಂತ ಸಾಕಷ್ಟು ಕಡಿಮೆ ಬರಬೇಕು. ಹೆಚ್ಚು ಬಂದರೆ ಎಂಜಿನ್ನಿನಿಂದ ಬ್ಯಾಟರಿಗೆ ವಾಪಸ್ ಹೋಗುವ ದಾರಿ ತುಕ್ಕು ಹಿಡಿದಿದೆ ಅಂತ ಅರ್ಥ. ಮಲೆನಾಡಿನ ಕೆಸರಿನಲ್ಲಿ ಇದು ಮಾಮೂಲಿ.

ಜೀಪಿನಲ್ಲಿ ಇವೆಲ್ಲ ಸರಿ ಇದ್ದವು. ಹಾಗಾದರೆ ಪಿ0562 ಯಾಕೆ? ಸ್ಕ್ಯಾನರ್‌ನಲ್ಲಿ ಆ ಕೋಡಿನ ಮುಂದೆ "ಹಳೆಯದು" ಅಂತ ಇತ್ತು. ಚಿಕ್ಕಪ್ಪ ನೆನಪಿಸಿಕೊಂಡರು: ಬೇಸಿಗೆಯಲ್ಲಿ ಒಮ್ಮೆ ಲೈಟ್ ಆಫ್ ಮಾಡಲು ಮರೆತು ಬ್ಯಾಟರಿ ಇಳಿದಿತ್ತು. ಇಸಿಯು ಅದನ್ನು ಬರೆದಿಟ್ಟುಕೊಂಡಿತ್ತು. ಯಾವತ್ತೋ ಮುಗಿದ ಜಗಳದ ದೂರು ಇವತ್ತಿನ ಕೇಸಿನ ಫೈಲಿನಲ್ಲಿ ಸೇರಿಕೊಂಡಿತ್ತು.

ಅದಕ್ಕೇ ಒಂದು ಕ್ರಮ ಇದೆ. ಮೊದಲು ಎಲ್ಲ ಕೋಡ್ ಬರೆದುಕೊಳ್ಳಿ, ಫೋಟೋ ತೆಗೆದುಕೊಳ್ಳಿ. ಆಮೇಲೆ ಅಳಿಸಿ. ಗಾಡಿ ಓಡಿಸಿ. ಯಾವುದು ವಾಪಸ್ ಬರುತ್ತದೋ ಅದು ಇವತ್ತಿನ ಸಮಸ್ಯೆ. ಬರೆದುಕೊಳ್ಳದೆ ಅಳಿಸುವವರು ಸಾಕ್ಷ್ಯ ನಾಶ ಮಾಡುವವರು. ಅಳಿಸಿ "ರಿಪೇರಿ ಆಯ್ತು" ಅಂತ ದುಡ್ಡು ಕೇಳುವವರ ಬಗ್ಗೆ ಹೇಳುವುದೇ ಬೇಡ.

ಮೂರು ಸಾಕ್ಷಿ, ಒಂದೇ ಸುಳ್ಳು

ಅಳಿಸಿ, ಒಂದು ಸುತ್ತು ಏರು ಹತ್ತಿಸಿ ಬಂದೆವು. ಮೂರು ಕಿಲೋಮೀಟರ್ ಆಗುವಷ್ಟರಲ್ಲಿ ಎಂಜಿನ್ ಲೈಟ್ ಹತ್ತಿತು, ಆ್ಯಕ್ಸಿಲರೇಟರ್ ಒತ್ತಿದರೂ ಗಾಡಿ ಏಳುತ್ತಿಲ್ಲ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ರೈಲ್ ಪ್ರೆಷರ್ ನಂಬುವ ಹಾಗಿಲ್ಲ ಅನ್ನಿಸಿದಾಗ ಇಸಿಯು ಎಂಜಿನ್ ಉಳಿಸಿಕೊಳ್ಳಲು ಶಕ್ತಿ ಕತ್ತರಿಸುತ್ತದೆ, ಕೆಲವು ಸಲ ಪೂರ್ತಿ ನಿಲ್ಲಿಸುತ್ತದೆ. ಹುಡುಗನಿಗೆ ಜ್ವರ ಬಂದ ರಾತ್ರಿ ಆಗಿದ್ದು ಇದೇ.

ವಾಪಸ್ ಬಂದ ಕೋಡ್ ಮೂರು: ಪಿ0113, ಪಿ0118, ಪಿ0193. ಅಣ್ಣ ಸ್ಕ್ಯಾನರಿನ ಲೈವ್ ಡೇಟಾ ತೆರೆದರು. ಸೆನ್ಸರ್‌ಗಳು ಆ ಕ್ಷಣದಲ್ಲಿ ಇಸಿಯುಗೆ ಏನು ಹೇಳುತ್ತಿವೆ ಅಂತ ಅಲ್ಲಿ ಕಾಣುತ್ತದೆ. ಎಂಜಿನ್ ಆಫ್, ಕೀ ಆನ್.

ಗಾಳಿಯ ಶಾಖ: ಮೈನಸ್ 40 ಡಿಗ್ರಿ. ಕೂಲೆಂಟ್ ಶಾಖ: ಮೈನಸ್ 40 ಡಿಗ್ರಿ. ರೈಲ್ ಪ್ರೆಷರ್: 1,800 ಬಾರ್.

ಮೂಡಿಗೆರೆಯ ಆಗಸ್ಟ್ ಚಳಿ ನಿಜ, ಆದರೆ ಸಿಯಾಚಿನ್ ಅಲ್ಲ. ಏರು ಹತ್ತಿ ಬಂದ ಎಂಜಿನ್ ಮುಟ್ಟಿದರೆ ಕೈ ಸುಡುತ್ತಿತ್ತು. ನಿಂತ ಎಂಜಿನ್ನಿನ ರೈಲಿನಲ್ಲಿ ಪ್ರೆಷರ್ ಸೊನ್ನೆಯ ಹತ್ತಿರ ಇರಬೇಕು.

"ಮೂರು ಸೆನ್ಸರ್ರು ಒಂದೇ ದಿನ ಸಾಯ್ತಾವಾ ಗೌಡ್ರೇ?" ಅಂತ ಅಣ್ಣ ಚಿಕ್ಕಪ್ಪನನ್ನು ಕೇಳಿದರು. "ಅದೂ ಮೂರೂ ಒಂದೇ ಥರ, 'ಹೆಚ್ಚು' ಅಂತಾನೇ ಸಾಯ್ತಾವಾ?"

ಇಲ್ಲಿ ಸ್ವಲ್ಪ ಒಳಗೆ ಹೋಗೋಣ. ಶಾಖದ ಸೆನ್ಸರ್ ಅಂದರೆ ಬಿಸಿಯಾದಂತೆ ತಡೆ ಕಡಿಮೆಯಾಗುವ ಒಂದು ಪುಟ್ಟ ರೆಸಿಸ್ಟರ್. ಇಸಿಯು ತನ್ನೊಳಗಿನ ಇನ್ನೊಂದು ರೆಸಿಸ್ಟರಿನ ಮೂಲಕ 5 ವೋಲ್ಟ್ ಕಳಿಸುತ್ತದೆ. ಆ ಕರೆಂಟ್ ಸೆನ್ಸರ್ ದಾಟಿ, ವಾಪಸ್ ಬರುವ ಅರ್ಥ್ ವೈರಿನಲ್ಲಿ ಇಸಿಯುಗೇ ಮರಳುತ್ತದೆ. ಮಧ್ಯದಲ್ಲಿ ಉಳಿಯುವ ವೋಲ್ಟೇಜ್ ನೋಡಿ ಇಸಿಯು ಶಾಖ ಲೆಕ್ಕ ಹಾಕುತ್ತದೆ. ಬಿಸಿ ಅಂದರೆ ಕಡಿಮೆ ವೋಲ್ಟೇಜ್, ತಂಪು ಅಂದರೆ ಹೆಚ್ಚು.

ಈಗ ವಾಪಸ್ ಬರುವ ವೈರು ತುಂಡಾಯಿತು ಅಂದುಕೊಳ್ಳಿ. ನಲ್ಲಿಯ ಪೈಪಿನ ಕೊನೆ ಮುಚ್ಚಿದರೆ ಟ್ಯಾಂಕಿನ ಪೂರ್ತಿ ಒತ್ತಡ ಪೈಪಿನಲ್ಲೇ ನಿಲ್ಲುವ ಹಾಗೆ, 5 ವೋಲ್ಟ್ ಎಲ್ಲೂ ಹರಿಯದೆ ಪೂರ್ತಿ ಅಲ್ಲೇ ನಿಲ್ಲುತ್ತದೆ. ಇಸಿಯು ಅದನ್ನು "ಅಳತೆಯ ಕೊನೆಯ ಚಳಿ" ಅಂತ ಓದುತ್ತದೆ. ಅದೇ ಮೈನಸ್ 40. ರೈಲ್ ಪ್ರೆಷರ್ ಸೆನ್ಸರಿಗೆ ಮೂರು ವೈರು: 5 ವೋಲ್ಟ್, ಅರ್ಥ್, ಸಿಗ್ನಲ್. ಸಾಮಾನ್ಯವಾಗಿ ಸಿಗ್ನಲ್ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನ ಒಳಗೆ ಓಡಾಡುತ್ತದೆ. ಅರ್ಥ್ ಹೋದರೆ ಅದೂ 5ರ ಕಡೆ ಹಾರುತ್ತದೆ, ಪರದೆಯಲ್ಲಿ ಭಯಂಕರ ಪ್ರೆಷರ್ ಕಾಣುತ್ತದೆ.

ಬೇರೆ ಬೇರೆ ಜಾಗದ ಮೂರು ಸೆನ್ಸರ್ ಒಟ್ಟಿಗೆ ಒಂದೇ ದಿಕ್ಕಿನ ಸುಳ್ಳು ಹೇಳುತ್ತಿವೆ ಅಂದರೆ, ಮೊದಲು ಸಂಶಯ ಪಡಬೇಕಾದ್ದು ಅವು ಹಂಚಿಕೊಂಡಿರುವ ವೈರನ್ನು.

ಕಿಲುಬು ಸಿಕ್ಕಿದ ಜಾಗ

ಅಣ್ಣ ರೈಲ್ ಪ್ರೆಷರ್ ಸೆನ್ಸರಿನ ಪ್ಲಗ್ ತೆಗೆಯದೆ, ಹಿಂದಿನಿಂದ ಅರ್ಥ್ ವೈರಿಗೆ ಮೀಟರಿನ ಸೂಜಿ ತಾಗಿಸಿದರು. ಇನ್ನೊಂದು ಮೊನೆ ಬ್ಯಾಟರಿ ಮೈನಸ್‌ಗೆ. ಸೊನ್ನೆಯ ಹತ್ತಿರ ಬರಬೇಕಿತ್ತು. ನಾಲ್ಕು ವೋಲ್ಟಿಗಿಂತ ಮೇಲೆ ಬಂತು. ಅರ್ಥ್ ಅನ್ನಿಸಿಕೊಂಡ ವೈರಿಗೆ ಅರ್ಥ್ ಇಲ್ಲವೇ ಇಲ್ಲ.

ಖಾತ್ರಿ ಮಾಡಿಕೊಳ್ಳಲು ಒಂದು ತುಂಡು ವೈರಿನಿಂದ ಆ ಅರ್ಥನ್ನು ಕ್ಷಣಕಾಲ ಬ್ಯಾಟರಿ ಮೈನಸ್‌ಗೆ ಜೋಡಿಸಿದರು. ಸ್ಕ್ಯಾನರ್ ನೋಡುತ್ತಿದ್ದವನು ನಾನು. ಗಾಳಿ 27 ಡಿಗ್ರಿ, ಕೂಲೆಂಟ್ 74 ಡಿಗ್ರಿ, ರೈಲ್ ಪ್ರೆಷರ್ ಸೊನ್ನೆ. ಮೂರೂ ಒಟ್ಟಿಗೆ ನಿಜ ಹೇಳಿದವು. ವೈರು ತೆಗೆದರೆ ಮತ್ತೆ ಸಿಯಾಚಿನ್. ಇಸಿಯು ಚೆನ್ನಾಗಿತ್ತು, ರೈಲ್ ಚೆನ್ನಾಗಿತ್ತು, ಮೂರು ಸೆನ್ಸರೂ ಚೆನ್ನಾಗಿದ್ದವು.

ಉಳಿದದ್ದು ಎಲ್ಲಿ ತುಂಡಾಗಿದೆ ಅಂತ ಹುಡುಕುವುದು. ಇಲ್ಲಿ ಅವರ ಫೋನಿನಲ್ಲಿದ್ದ ಒಂದು ಫೋಟೋ ಕೆಲಸಕ್ಕೆ ಬಂತು. ಮೆಕ್ಯಾನಿಕ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ್ದ, ಜೆರಾಕ್ಸಿನ ಜೆರಾಕ್ಸ್ ಆದ ವೈರಿಂಗ್ ಡಯಾಗ್ರಾಂ. ಇಂಗ್ಲಿಷಿನಲ್ಲಿತ್ತು, ಅರ್ಧ ಅಕ್ಷರ ಅಳಿಸಿಹೋಗಿತ್ತು. ಮೂರು ಸೆನ್ಸರಿನ ಅರ್ಥ್ ವೈರುಗಳು ಎಂಜಿನ್ ಹಿಂದೆ ಒಂದು ಕಡೆ ಸೇರಿ, ಒಂದೇ ವೈರಾಗಿ ಇಸಿಯು ಕಡೆ ಹೋಗುತ್ತವೆ ಅಂತ ಅದರಲ್ಲಿ ಗುರುತಾಗುತ್ತಿತ್ತು.

ಹಾರ್ನೆಸ್ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ ಹೋದರು, ನಾನು ಪರದೆ ನೋಡುತ್ತಾ ನಿಂತೆ. ಒಂದು ಬ್ರಾಕೆಟ್ಟಿನ ಹತ್ತಿರ ಅಲ್ಲಾಡಿಸಿದಾಗ ಅಂಕಿಗಳು ಕುಣಿದವು. ಟೇಪು ಬಿಚ್ಚಿದರು. ಒಳಗೆ ಮೂರು ವೈರಿನ ಜೋಡಣೆ, ತಾಮ್ರ ಪೂರ್ತಿ ಹಸಿರು. ವರ್ಷಗಟ್ಟಲೆ ಮಳೆನೀರು ಟೇಪಿನೊಳಗೆ ಇಳಿದು ಕಿಲುಬು ಕಟ್ಟಿತ್ತು. ಎಂಜಿನ್ ತಣ್ಣಗಿದ್ದಾಗ ಹೇಗೋ ಅಂಟಿಕೊಂಡಿರುತ್ತಿತ್ತು. ಬಿಸಿಯಾಗಿ, ಏರಿನಲ್ಲಿ ಅಲುಗಾಡಿದಾಗ ಬಿಟ್ಟುಹೋಗುತ್ತಿತ್ತು. ಅದಕ್ಕೇ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿದ್ದ ಜೀಪು ಏರಿನಲ್ಲಿ ನಿಲ್ಲುತ್ತಿದ್ದದ್ದು.

ಕಿಲುಬು ಹಿಡಿದಷ್ಟನ್ನು ಕತ್ತರಿಸಿ, ಹೊಸ ವೈರು ಸೇರಿಸಿ ಬೆಸುಗೆ ಹಾಕಿ, ಮೇಲೆ ನೀರು ಇಳಿಯದ ಹಾಗೆ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿದರು. ಹಾರ್ನೆಸನ್ನು ಬ್ರಾಕೆಟ್ಟಿನಿಂದ ಎರಡಿಂಚು ಮೇಲೆ ಕಟ್ಟಿದರು. ಎರಡು ಗಂಟೆ ಕೆಲಸ, 850 ರೂಪಾಯಿ. ಚಿಕ್ಕಪ್ಪ ಸಾವಿರ ಕೊಟ್ಟು ಚಿಲ್ಲರೆ ಬೇಡ ಅಂದರು. ಅಣ್ಣ ಎಣಿಸಿ 150 ವಾಪಸ್ ಕೊಟ್ಟರು.

ಕೋಡ್ ನಂಬಿ ಪಾರ್ಟ್ ಬದಲಿಸುವ ಮುನ್ನ

ನಿಮ್ಮ ಮನೆಯಲ್ಲೂ ಹಳೆ ಕಾಮನ್ ರೈಲ್ ಡೀಸೆಲ್ ಇದ್ದರೆ, ಇದೇ ಥರ ದಾರಿ ತಪ್ಪಿಸುವ ಕೆಲವು ಕೋಡ್‌ಗಳ ಪರಿಚಯ ಇರಲಿ.

ಪಿ0087, ಅಂದರೆ ರೈಲ್ ಪ್ರೆಷರ್ ಕಡಿಮೆ. ತಕ್ಷಣ "ಹೈ ಪ್ರೆಷರ್ ಪಂಪ್ ಹೋಗಿದೆ" ಅನ್ನುತ್ತಾರೆ. ಪಂಪು ಪಟ್ಟಿಯ ಕೊನೆಯಲ್ಲಿ ಬರಬೇಕು. ಮೊದಲು ಡೀಸೆಲ್ ಫಿಲ್ಟರ್ ಕಟ್ಟಿದೆಯಾ, ಫಿಲ್ಟರಿನಲ್ಲಿ ನೀರು ನಿಂತಿದೆಯಾ, ಟ್ಯಾಂಕಿನಿಂದ ಬರುವ ಪೈಪು ಸಣ್ಣಗೆ ಗಾಳಿ ಎಳೆಯುತ್ತಿದೆಯಾ ನೋಡಬೇಕು. ಆಮೇಲೆ ಪ್ರತಿ ಇಂಜೆಕ್ಟರಿನಿಂದ ವಾಪಸ್ ಹರಿಯುವ ಡೀಸೆಲ್ ಎಷ್ಟು ಅಂತ ಬಾಟಲಿಯಲ್ಲಿ ಹಿಡಿದು ಹೋಲಿಸಬೇಕು. ಒಂದು ಬಾಟಲಿ ಉಳಿದವಕ್ಕಿಂತ ಬೇಗ ತುಂಬಿದರೆ ಸೋರುತ್ತಿರುವ ಇಂಜೆಕ್ಟರ್ ಅದೇ.

ಪಿ0401, ಇಜಿಆರ್ ಹರಿವು ಸಾಲದು. ಬಹಳ ಸಲ ವಾಲ್ವ್ ಕೆಟ್ಟಿರುವುದಿಲ್ಲ, ಮಸಿ ಕಟ್ಟಿರುತ್ತದೆ. ಬಿಚ್ಚಿ ತೊಳೆದರೆ ಸಾಕು.

ಪಿ0335, ಕ್ರ್ಯಾಂಕ್ ಸೆನ್ಸರ್. ಇದು ಕೈಕೊಟ್ಟರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಸೆನ್ಸರ್ ಬದಲಿಸುವ ಮುನ್ನ ಪ್ಲಗ್ಗಿನೊಳಗೆ ಎಣ್ಣೆ, ನೀರು ಇದೆಯಾ ನೋಡಿ.

ಒಂದು ಎಚ್ಚರಿಕೆ. ಹಳೆ ಕಾಲದ ಡೀಸೆಲ್ಲಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡುವ ಪದ್ಧತಿ ಇತ್ತು. ಕಾಮನ್ ರೈಲಿನಲ್ಲಿ ಇದನ್ನು ಯಾವತ್ತೂ ಮಾಡಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ರಕ್ತಕ್ಕೆ ಇಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಬೆರಳು, ಕೈ ಕಳೆದುಕೊಳ್ಳುವ ಅಪಾಯ ಇದೆ. ಹಾಗೇನಾದರೂ ಆದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಆ 1,38,000?

ಸರ್ವೀಸ್ ಸೆಂಟರಿನವರು ಮೋಸ ಮಾಡಿದರು ಅಂತ ಹೇಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಪ್ರಿಂಟ್ ತೆಗೆದ ಹುಡುಗ ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು. ಬೆಸುಗೆ ಹಾಕಿದರೆ ಅಲ್ಲಿ ಬಿಲ್ ಮಾಡಲು ಪಾರ್ಟ್ ನಂಬರ್ ಇಲ್ಲ. ಎರಡು ಗಂಟೆ ಹಾರ್ನೆಸ್ ಅಲ್ಲಾಡಿಸುತ್ತಾ ನಿಲ್ಲಲು ಅವನಿಗೆ ಸಮಯ ಕೊಡುವವರಿಲ್ಲ. ಕೋಡ್ ಇದೆ, ಕೋಡಿಗೆ ಪಾರ್ಟ್ ಇದೆ, ಪಾರ್ಟಿಗೆ ಬೆಲೆ ಇದೆ. ಈ ಮೂರು ಹೆಜ್ಜೆಯಲ್ಲಿ ಎಲ್ಲೂ "ಯಾಕೆ" ಅಂತ ಕೇಳಲು ಜಾಗ ಇಲ್ಲ. ವೈರಿಂಗ್ ಸೆಟ್ ಪೂರ್ತಿ ಬದಲಿಸಿದ್ದರೆ ಜೀಪು ಸರಿಯಾಗುತ್ತಿತ್ತು ಕೂಡ. ಆಗ ಇಸಿಯುವೇ ಹೋಗಿತ್ತು ಅಂತ ನಾವೆಲ್ಲ ನಂಬಿರುತ್ತಿದ್ದೆವು.

ಇನ್ನೊಂದು ಕಡೆ "ಯಾಕೆ" ಅಂತ ಕೇಳಬಲ್ಲ ಮನುಷ್ಯ ಇದ್ದ. ಅವನಿಗೆ ಡಯಾಗ್ರಾಂ ಇರಲಿಲ್ಲ, ಕದ್ದ ಜೆರಾಕ್ಸ್ ಇತ್ತು. ಆ ಫೋಟೋ ವಾಟ್ಸಾಪಿನಲ್ಲಿ ಸಿಗದೇ ಹೋಗಿದ್ದರೆ ಜೀಪು ಗುಜರಿಗೆ ಹೋಗುತ್ತಿತ್ತು.

ಇದು ಹೊಸ ಜಗಳ ಅಲ್ಲ. ಭಾರತದ ಸ್ಪರ್ಧಾ ಆಯೋಗ, ಅಂದರೆ ಸಿಸಿಐ, 2014ರ ಆಗಸ್ಟ್‌ನಲ್ಲಿ ಇದೇ ವಿಷಯಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ಡಯಾಗ್ನೋಸ್ಟಿಕ್ ಉಪಕರಣಗಳನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಇಟ್ಟುಕೊಂಡಿರುವುದು ಸ್ಪರ್ಧೆಗೆ ವಿರುದ್ಧ, ಅವನ್ನು ಮುಕ್ತವಾಗಿ ಸಿಗುವಂತೆ ಮಾಡಬೇಕು ಅಂತ ಹೇಳಿತು. ಆಮೇಲೆ ವಿಷಯ ಮೇಲ್ಮನವಿ, ನ್ಯಾಯಾಲಯ ಅಂತ ಸುತ್ತಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರಿಗೆ ಸಮಿತಿ ಮಾಡಿ, ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲ್ ಒಳ್ಳೆಯದೇ. ಆದರೆ ಪೋರ್ಟಲ್ ಅಂದರೆ ಕಾನೂನಲ್ಲ, ಕೊಡದವರನ್ನು ಕೇಳುವ ಹಕ್ಕು ಅದರಿಂದ ಹುಟ್ಟುವುದಿಲ್ಲ.

ಬೇರೆ ಕಡೆ ಹೇಗಾಯಿತು? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನ ರಿಪೇರಿ ಹಕ್ಕಿಗೆ ನೇರ ಮತ ಹಾಕಿದರು. ಒಂದೇ ರಾಜ್ಯದ ಕಾನೂನಿನ ಒತ್ತಡಕ್ಕೆ ಕಂಪನಿಗಳು 2014ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಒಪ್ಪಂದಕ್ಕೆ ಬಂದವು. ಯುರೋಪಿನಲ್ಲಿ 2007ರ ಹೊಗೆ ನಿಯಮದೊಳಗೇ ಸ್ವತಂತ್ರ ಗ್ಯಾರೇಜುಗಳಿಗೆ ರಿಪೇರಿ ಮಾಹಿತಿ ಕೊಡಬೇಕು ಅನ್ನುವ ಷರತ್ತು ಹಾಕಿದರು.

ಕಂಪನಿಗಳ ವಾದದಲ್ಲೂ ಹುರುಳಿದೆ. ಇಸಿಯು ಒಳಗೆ ಎಲ್ಲರಿಗೂ ಕೈ ಹಾಕಲು ಬಿಟ್ಟರೆ ಹೊಗೆ ನಿಯಂತ್ರಣ ಮುಚ್ಚಿಸಿ, ಪವರ್ ಹೆಚ್ಚಿಸಿ ಕಪ್ಪು ಹೊಗೆ ಬಿಡುವವರು ಇದ್ದಾರೆ, ನಮ್ಮ ಘಾಟಿಯಲ್ಲೇ ದಿನಾ ಸಿಗುತ್ತಾರೆ. ಆದರೆ ಬರೆಯುವ ಹಕ್ಕು ಬೇರೆ, ಓದುವ ಹಕ್ಕು ಬೇರೆ. ಗ್ಯಾರೇಜಿನ ಅಣ್ಣ ಇಸಿಯು ಪ್ರೋಗ್ರಾಂ ಬದಲಿಸಲು ಅನುಮತಿ ಕೇಳುತ್ತಿಲ್ಲ. ಯಾವ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಲು ಕೇಳುತ್ತಿದ್ದಾರೆ.

ಹಳೆ ಡೀಸೆಲ್ ಗಾಡಿ ಹೊಗೆ ಉಗುಳುತ್ತದೆ, ಗುಜರಿಗೆ ಹಾಕಿ ಅನ್ನುವ ವಾದವನ್ನೂ ಕೇಳಿದ್ದೇನೆ. ನಗರದ ಗಾಳಿಗೆ ಅದು ಅರ್ಥವಾಗುವ ಮಾತು. ಚಿಕ್ಕಪ್ಪನ ಜೀಪಿಗೆ ಈಗ 15 ವರ್ಷ ತುಂಬುತ್ತದೆ. ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲೇ 600ರಿಂದ 5,000ಕ್ಕೆ ಏರಿದೆ. ಆದರೆ ಹೊಸ ಫೋರ್ ವೀಲ್ ಡ್ರೈವ್ ಕೊಳ್ಳುವ ಶಕ್ತಿ ಇಲ್ಲದ ಕಡೆ, ಕಿಲುಬು ಹಿಡಿದ ಒಂದು ಜೋಡಣೆಗೋಸ್ಕರ ಗಾಡಿ ಗುಜರಿ ಸೇರಿದರೆ ಅದನ್ನು ಪರಿಸರ ನೀತಿ ಅನ್ನಲಾಗದು.

ಆ ಇಡೀ ಮಧ್ಯಾಹ್ನ ಬೇಕಾಗಿದ್ದ ವಸ್ತುಗಳು ಇಷ್ಟೇ: ಒಂದು ಮೀಟರ್, ಒಂದು ಸ್ಕ್ಯಾನರ್, ಒಂದು ಡಯಾಗ್ರಾಂ, ಮತ್ತು ಪ್ರಶ್ನೆ ಕೇಳುವ ಒಬ್ಬ ಮನುಷ್ಯ. ಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ಸ್ಕ್ಯಾನರ್ ಸಾಲ ಮಾಡಿದರೆ ಸಿಗುತ್ತದೆ. ಮನುಷ್ಯರು ಊರೂರಿನ ಗ್ಯಾರೇಜಿನಲ್ಲಿ ಇದ್ದಾರೆ. ಡಯಾಗ್ರಾಂ ಮಾತ್ರ ಕಾನೂನಿನಿಂದಲೇ ಬರಬೇಕು. ಗಾಡಿ ಮಾರುವವರು ಅದರ ವೈರಿಂಗ್ ಡಯಾಗ್ರಾಂ ಮತ್ತು ಕೋಡ್ ಅರ್ಥಗಳನ್ನು, ಆ ಗಾಡಿ ರಸ್ತೆಯಲ್ಲಿರುವಷ್ಟು ವರ್ಷ, ಕೇಳಿದವರಿಗೆಲ್ಲ ಕೊಡಬೇಕು. ನಮ್ಮ ರಾಜ್ಯದ ಸಂಸದರಲ್ಲಿ ಒಬ್ಬರಾದರೂ ಇದನ್ನು ಸಂಸತ್ತಿನಲ್ಲಿ ಕೇಳಲಿ. ಅವರ ಕ್ಷೇತ್ರದಲ್ಲೂ ಟಾರ್ ರಸ್ತೆ ಮುಗಿಯುವ ಊರುಗಳಿವೆ.

ಈ ಸಲ ಮಳೆ ಶುರುವಾದಾಗ ಚಿಕ್ಕಪ್ಪನಿಗೆ ಫೋನ್ ಮಾಡಿ ಜೀಪು ಹೇಗಿದೆ ಅಂತ ಕೇಳಿದೆ. "ಏರು ಹತ್ತುತ್ತೆ" ಅಂದರು. "ಮೊನ್ನೆ ರಾತ್ರಿ ಲೈನ್ ಮನೆಯವರನ್ನ ಹೆರಿಗೆಗೆ ಕರ್ಕೊಂಡು ಹೋಗಿದ್ದೆ. ಹೆಣ್ಣು ಮಗು."